ಸೋರೆಬುರುಡೆ ಹಿಡಿದು ಕ್ಯೂಬಾದ ಪ್ರೇಮನಾಟಕಕ್ಕೆ ನುಡಿಸಿದ್ದು: ನನ್ನ ಅನುಭವ

ಸಾರ್ಸುವೇಲಾ ಅಂದರೆ ಸ್ಪೇನಿನ ಸಂಗೀತ ನಾಟಕ. ನಡುನಡುವೆ ಮಾತು, ನಡುನಡುವೆ ಹಾಡು. ಕ್ಯೂಬಾದವರು ಅದಕ್ಕೆ ತಮ್ಮ ನೆಲದ ತಾಳಗಳನ್ನು ತುಂಬಿದರು. ಗೊನ್ಸಾಲೋ ರೋಯಿಗ್ ಸಂಗೀತ ಕೊಟ್ಟ 'ಸೆಸಿಲಿಯಾ ವಾಲ್ದೆಸ್' 1932ರಲ್ಲಿ ಹವಾನಾದ ಮಾರ್ತಿ ಥಿಯೇಟರಿನಲ್ಲಿ ಮೊದಲು ರಂಗಕ್ಕೆ ಬಂತು. ಮಯಾಮಿಯಲ್ಲಿ ಕ್ಯೂಬನ್ ಹಿರಿಯರ ಒಂದು ತಂಡ ಅದರ ದೃಶ್ಯಗಳನ್ನು ಆಡಿದಾಗ ಸೋರೆಬುರುಡೆಯ ವಾದ್ಯ ಗ್ವಿರೋ ನುಡಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಚಿಕ್ಕಂದಿನಲ್ಲಿ ಮೃದಂಗ ಕಲಿತವನು.

ಕಥೆ ಇಷ್ಟು. ಗುಲಾಮಗಿರಿ ಇದ್ದ ಕಾಲದ ಹವಾನಾ. ಸೆಸಿಲಿಯಾ ಮಿಶ್ರ ವರ್ಣದ ಬಡ ಹುಡುಗಿ. ಗುಲಾಮರ ವ್ಯಾಪಾರಿಯ ಮಗ ಲಿಯೊನಾರ್ದೋನನ್ನು ಪ್ರೀತಿಸುತ್ತಾಳೆ. ಅವನ ಅಪ್ಪನೇ ತನಗೂ ಅಪ್ಪ ಅನ್ನೋದು ಅವಳಿಗೆ ಗೊತ್ತಿಲ್ಲ. ಅವನು ಸಿರಿವಂತರ ಹುಡುಗಿಯನ್ನು ಮದುವೆಯಾಗಲು ಹೊರಟಾಗ, ಸೆಸಿಲಿಯಾಳನ್ನು ಮನಸಾರೆ ಮೆಚ್ಚಿದ್ದ ಪಿಮಿಯೆಂತಾ ಅವನನ್ನು ಕೊಲ್ಲುತ್ತಾನೆ.

ಈ ನಾಟಕದಲ್ಲಿ ಯಾರು ಯಾವ ಮನೆಯವರು, ಯಾವ ಬಣ್ಣದವರು ಅನ್ನೋದನ್ನು ತಾಳವೇ ಹೇಳುತ್ತದೆ. ದೊಡ್ಡವರ ಕುಣಿತಕ್ಕೆ ಕೊಂತ್ರಾದಾನ್ಸಾ, ಅಂದರೆ ಯುರೋಪಿನಿಂದ ಬಂದ ಕುಣಿತದ ನಡೆ. ಒಂದು ಕಾಲಕ್ಕೆ ಗುಲಾಮಳಾಗಿದ್ದು, ಈಗ ಬುದ್ಧಿ ಕೆಟ್ಟು ಬೀದಿ ಅಲೆಯುವ ದೋಲೋರೆಸ್ ಬಂದಾಗ ತಾಂಗೋ ಕೊಂಗೋ, ಅಂದರೆ ಆಫ್ರಿಕಾ ಮೂಲದವರ ಕುಣಿತದ ನಡೆ. ಇವನ್ನು ಸುಮ್ನೆ ರಂಗಿಗೆ ಹಾಕಿದ್ದು ಅಂದುಕೊಂಡು ನುಡಿಸಿದರೆ ಆ ಹೆಂಗಸಿನ ಸಂಕಟ ಯಾರಿಗೂ ತಟ್ಟೋದಿಲ್ಲ.

ಗ್ವಿರೋ ಅಂದರೆ ಒಣಗಿದ ಸೋರೆಬುರುಡೆ. ಮೈಮೇಲೆ ಅಡ್ಡಗೆರೆಗಳನ್ನು ಕೊರೆದಿರುತ್ತಾರೆ, ಕಡ್ಡಿಯಿಂದ ಗೀರುತ್ತೇವೆ. ಸಿಂಕೀಯೋ ಅನ್ನೋ ನಡೆ ಮೊದಲು ಕೈಗೆ ಹತ್ತಬೇಕು: ಎಂಟು ಮಾತ್ರೆಗೆ ಐದು ಪೆಟ್ಟು, ಒಂದೊಂದರ ಅಳತೆ 2, 1, 2, 1, 2 ಮಾತ್ರೆ. ಮೃದಂಗದವರಿಗೆ ಈ ಲೆಕ್ಕ ಏನೂ ಅಲ್ಲ. ಕಷ್ಟ ಇರೋದು ಬೇರೆ ಕಡೆ. ನಮ್ಮ ಕಛೇರಿಯಲ್ಲಿ ತಾಳ ಕೈಯಲ್ಲಿರುತ್ತದೆ, ಮೃದಂಗ ಅದರ ಮೇಲೆ ಆಡುತ್ತದೆ, ಹಾಡುವವರು ಬಿಟ್ಟ ಜಾಗ ತುಂಬುತ್ತದೆ. ಇಲ್ಲಿ ಗೀರುವ ಕೈಯೇ ತಾಳ. ತುಂಬೋ ಹಾಗಿಲ್ಲ.

ಇದು ನನಗೆ ಚೆನ್ನಾಗಿ ಅರ್ಥವಾಗಿದ್ದು ಸೆಸಿಲಿಯಾ–ಲಿಯೊನಾರ್ದೋ ಜೋಡಿ ಹಾಡಿನಲ್ಲಿ. ಅವಳು ಮೇಲಿನ ಸ್ವರ ಹಿಡಿದು ನಿಲ್ಲುತ್ತಾಳೆ, ವಾದ್ಯಗಳೂ ಕಾಯುತ್ತವೆ. ಪಕ್ಕದಲ್ಲಿ ಟಿಂಬಾಲ್ ಅನ್ನೋ ಡ್ರಮ್ ನುಡಿಸುತ್ತಿದ್ದ ಅಜ್ಜ ನನ್ನ ಮೊಣಕೈ ಮುಟ್ಟಿ, "ಕೈ ಎತ್ತಿಟ್ಟುಕೋ ಮಗನೇ. ಅವಳು ಇಳಿದು ಬರಲಿ" ಅಂದರು. ಆಮೇಲೆ ಅವಳ ಸಾಲುಗಳನ್ನು ಸ್ಪ್ಯಾನಿಷ್‌ನಲ್ಲೇ ಬಾಯಿಪಾಠ ಮಾಡಿದೆ. ಮನೆಯಲ್ಲಿ ನಾನೇ ಹಾಡಿಕೊಂಡು ಗೀರಿದೆ. ಅವಳು ಉಸಿರು ತೆಗೆದುಕೊಳ್ಳುವ ಕಡೆಗಳಲ್ಲೆಲ್ಲ ಹಾಳೆಯ ಮೇಲೆ ಪೆನ್ಸಿಲಿನಿಂದ ಗೆರೆ ಹಾಕಿದೆ. ಮಾತು ಗೊತ್ತಿದ್ದರೆ ಅವಳು ಎಲ್ಲಿ ಎಳೆಯುತ್ತಾಳೆ ಅಂತ ಮೊದಲೇ ತಿಳಿಯುತ್ತದೆ. ಆಗ ಹಾಡು ಎಲ್ಲಿಂದ ಮುಂದೆ ಹೊರಟರೂ ಸಿಂಕೀಯೋ ಜೊತೆಗೇ ಹೊರಡುತ್ತದೆ.

ನೀವೂ ಇದಕ್ಕೆ ಕೈ ಹಾಕೋದಾದರೆ ಸದ್ದಿನ ಬಗ್ಗೆ ಜಾಸ್ತಿ ಗಮನ ಕೊಡಿ. ಗೀರುವ ಸದ್ದು ಚೂಪು. ಸ್ವಲ್ಪ ಜೋರಾದರೂ ಹಾಡಿನ 'ಸ', 'ತ'ಗಳನ್ನು ನುಂಗಿಬಿಡುತ್ತದೆ, ಮಾತು ಕೇಳದ ಪ್ರೇಮಗೀತೆಯಿಂದ ಏನು ಪ್ರಯೋಜನ, ಅಲ್ವಾ? ಪ್ರೇಮದ ಹಾಡುಗಳಿಗೆ ನಾನು ತೆಳ್ಳನೆಯ ಕಡ್ಡಿ ಹಿಡಿದು, ಬುರುಡೆಯ ಉದ್ದಕ್ಕೂ ಎಳೆಯದೆ ನಾಲ್ಕೈದು ಗೆರೆಗಳಲ್ಲೇ ಮುಗಿಸುತ್ತಿದ್ದೆ. ಉದ್ದ ಗೀರು ಬೀದಿಯ ಕುಣಿತದ ಹಾಡುಗಳಿಗೆ.