ನೇಸರಗೋಲು ಕಟ್ಟಿದ ಬಗೆ

ನೇಸರಗೋಲು ಯಾವ ಊರಿನ ಹಬ್ಬದಲ್ಲೂ ಇಲ್ಲ. ನಮ್ಮ ತಂಡ ಮಡಿಕೇರಿಯಲ್ಲಿ ಆಡಿದ ನಾಟಕಕ್ಕಾಗಿ ಹುಟ್ಟಿಸಿದ ಕಾರ್ಮುಗಿಲ ಕಣಿವೆ ಎಂಬ ನಾಡಿನ ವಸ್ತು ಅದು. ಐದು ತಿಂಗಳು ಬಿಸಿಲು ಕಾಣದ ಆ ಜನ, ಮಳೆ ಬಿಟ್ಟ ಮೊದಲ ದಿನ ಇದನ್ನು ಹೊತ್ತು ಬೆಟ್ಟ ಹತ್ತುತ್ತಾರೆ. ಏಳು ಅಡಿ ಕೋಲು, ತುದಿಯಲ್ಲಿ ಎರಡು ಅಡಿ ಅಗಲದ ಬಳೆ, ಅದರಲ್ಲಿ ಎಣ್ಣೆಕಾಗದದ ಒಂಬತ್ತು ಕಣ್ಣು, ಒಳಗೆ ಬೆಳಕು. ಒಂದೊಂದು ಕಣ್ಣು ಒಂದೊಂದು ಮನೆತನದ್ದು. ಹರಿದರೆ ಆ ಮನೆಯವರೇ ತೇಪೆ ಹಾಕಬೇಕು, ಹೊಸದು ಮಾಡುವಂತಿಲ್ಲ. ಕತ್ತಿ ಕೈಗೆತ್ತಿಕೊಳ್ಳುವ ಮೊದಲೇ ಇಂಥ ಕಟ್ಟಳೆ ತೀರ್ಮಾನವಾಗಿರಬೇಕು. ಯಾರು ಹೊರುತ್ತಾರೆ, ಎಲ್ಲಿ ಹಿಡಿಯುತ್ತಾರೆ, ಕೆಟ್ಟರೆ ಯಾರು ಸರಿಮಾಡುತ್ತಾರೆ ಅನ್ನುವುದು ಗೊತ್ತಿಲ್ಲದಿದ್ದರೆ ಕೊನೆಗೆ ಉಳಿಯುವುದು ಷೋಕೇಸಿನ ಸಾಮಾನು.

ಕೊಡಗಿನಲ್ಲಿ ಕಟ್ಟುವವರಿಗೆ ಇನ್ನೊಂದು ಮಾತು. ಕೊಡವರ ಸಾಂಪ್ರದಾಯಿಕ ಕತ್ತಿಗಳಾದ ಪೀಚೆಕತ್ತಿ, ಒಡಿಕತ್ತಿಯ ಆಕಾರ ಬೇಡ. ದಸರಾ ಕರಗದ ಹೂವಿನ ಗೋಪುರವೂ ಬೇಡ, ಕೊಡವರ ಬೊಳಕಾಟ್ ಕುಣಿತದಲ್ಲಿ ಕೈಯಲ್ಲಿ ಹಿಡಿಯುವ ಚವರಿ ನೆನಪಿಸುವ ಬಿಳಿ ಕುಚ್ಚೂ ಬೇಡ. ಅರಿಶಿನ ಕುಂಕುಮವಂತೂ ಬೇಡವೇ ಬೇಡ. ನೋಡುವವರ ಕೈ ತಾನಾಗಿ ಮುಗಿಯುತ್ತದೆ, ನಾಟಕವೂ ಅಲ್ಲಿಗೆ ಮುಗಿಯುತ್ತದೆ. ಬಣ್ಣಕ್ಕೆ ಕೆಮ್ಮಣ್ಣು, ಬೂದಿ, ದೀಪದ ಮಸಿ ಸಾಕು.

ಬಿದಿರು ಮೂರು ವರ್ಷವಾದರೂ ಬಲಿತಿರಬೇಕು. ಎಳೆಯದು ಒಣಗುತ್ತ ಸುಕ್ಕುಗಟ್ಟುತ್ತದೆ, ಹಿಟ್ಟಿನಂಶಕ್ಕೆ ಹುಳುವೂ ಬೇಗ ಬೀಳುತ್ತದೆ. ಹುಳು ಬಿದ್ದದ್ದು ತಿಳಿಯುವುದು ನೆಲದ ಮೇಲೆ ಉದುರಿದ ಸಣ್ಣ ಪುಡಿಯಿಂದ, ಅಷ್ಟು ಹೊತ್ತಿಗೆ ಒಳಗೆಲ್ಲ ಟೊಳ್ಳು. 10 ಲೀಟರ್ ನೀರಿಗೆ 300 ಗ್ರಾಂ ಬೋರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಹಾಕಿ ಬಿಸಿಮಾಡಿ ಕರಗಿಸಿ. ಬಿದಿರಿನ ಹೊರಸಿಪ್ಪೆ ನೀರು ಕುಡಿಯುವುದಿಲ್ಲ. ಆದ್ದರಿಂದ ಕೋಲಿನ ಒಳಗಂಟುಗಳನ್ನು ಉದ್ದ ಸರಳಿನಿಂದ ಮೊದಲೇ ತೂತು ಮಾಡಿಕೊಳ್ಳಬೇಕು. ಆಮೇಲೆ ವೈರ್ ಇಳಿಸಲೂ ಅದೇ ದಾರಿ. ಕೋಲು ಒಂದು ವಾರ, ಸೀಳಿದ ದಬ್ಬೆ ಮೂರು ದಿನ ನೆನೆಯಲಿ. ಒಣಗಿಸುವುದು ನೆರಳಲ್ಲೇ. ಬಿಸಿಲಿಗಿಟ್ಟ ಕೋಲು ಉದ್ದಕ್ಕೆ ಸೀಳುತ್ತದೆ.

ಬಳೆ ಎರಡು ಬೇಕು, ಹತ್ತು ಸೆಂಟಿಮೀಟರ್ ಅಂತರದಲ್ಲಿ. ನಡುವಿನ ಜಾಗ ಬೆಳಕಿಗೆ. 60 ಸೆಂಟಿಮೀಟರ್ ಅಗಲದ ಬಳೆಗೆ ಸುತ್ತಳತೆ ಸುಮಾರು 190, ಒಂದರ ಮೇಲೊಂದು ಕೂರುವ ತುದಿಗೆ 25, ಒಟ್ಟು 215 ಸೆಂಟಿಮೀಟರ್ ದಬ್ಬೆ. ಅಗಲ 2 ಸೆಂಟಿಮೀಟರ್, ದಪ್ಪ 4 ಮಿಲಿಮೀಟರ್. ಒಳಬದಿಯ ಗಂಟಿನ ಉಬ್ಬನ್ನು ಮೊದಲೇ ಹೆರೆದುಬಿಡಿ, ಬಾಗಿಸುವಾಗ ಮುರಿಯುವುದು ಅಲ್ಲೇ. ಸಿಪ್ಪೆ ಹೊರಗಿರುವಂತೆ ಹಿಡಿದು, ಗ್ಯಾಸ್ ಉರಿಯ ಮೇಲೆ ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಿ. ಮೈ ಬೆವರಿ ಹೊಳಪು ಬಂದಾಗ ಬಾಗುತ್ತದೆ. ಕಪ್ಪಾದರೆ ಹೊತ್ತು ಮೀರಿತು. ಬೇಕಾದ್ದಕ್ಕಿಂತ ತುಸು ಹೆಚ್ಚೇ ಬಗ್ಗಿಸಿ ಡ್ರಮ್ಮಿಗೆ ಕಟ್ಟಿಡಿ, ಬಿಚ್ಚಿದಾಗ ಸ್ವಲ್ಪ ತೆರೆದುಕೊಳ್ಳುತ್ತದೆ. ತುದಿಗಳನ್ನು ಓರೆಯಾಗಿ ಹೆರೆದು ಅಂಟಿಸಿ, ನೂಲು ಸುತ್ತಿ. ಬಳೆಗಳ ನಡುವೆ ಒಂಬತ್ತು ಮೋಟು ಕಡ್ಡಿ, ಎರಡೂ ಮುಖಕ್ಕೆ ಗಾಡಿ ಚಕ್ರಕ್ಕಿರುವಂತೆ ಒಂಬತ್ತೊಂಬತ್ತು ಅರೆಕಾಲು.

ಕಾಗದದ ಕೆಲಸವೇ ಎಲ್ಲಕ್ಕಿಂತ ಸೂಕ್ಷ್ಮ. ತೆಳು ಬಿಳಿ ಗಾಳಿಪಟದ ಕಾಗದ, ಎರಡು ಪದರ, ನಾರಿನ ದಿಕ್ಕು ಒಂದಕ್ಕೊಂದು ಅಡ್ಡ. ಅಂಟಿಗೆ 100 ಗ್ರಾಂ ಮೈದಾ, 600 ಮಿಲಿಲೀಟರ್ ನೀರು. ತಣ್ಣೀರಲ್ಲಿ ಕದಡಿಕೊಂಡೇ ಒಲೆಗಿಡಿ, ಇಲ್ಲವಾದರೆ ಗಂಟು. ನಮ್ಮ ಹವೆಯಲ್ಲಿ ಬರೀ ಮೈದಾ ಅಂಟಿಗೆ ಬೂಸ್ಟು ಹಿಡಿಯುವುದು ಖಂಡಿತ. ಅದಕ್ಕೆ ಕಾಲು ಚಮಚ ಮೈಲುತುತ್ತ (ಕಾಪರ್ ಸಲ್ಫೇಟ್) ಬೆರೆಸಬೇಕು. ಗಿಡದ ರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ತೋಟದ ಮನೆಯಲ್ಲಿ ಅದಕ್ಕೇನೂ ಬರವಿಲ್ಲ. ಕಬ್ಬಿಣದ ಪಾತ್ರೆ ಬೇಡ, ಮೈಲುತುತ್ತ ಅದನ್ನು ತಿನ್ನುತ್ತದೆ. ಹೆಚ್ಚಾದರೆ ಕಾಗದ ನೀಲಿಗಟ್ಟುತ್ತದೆ. ವಿಷ ಬೇರೆ, ಮಕ್ಕಳ ಕೈಗೆ ಈ ಕೆಲಸ ಕೊಡಬಾರದು.

ಒಂದು ಮುಖ ಪೂರ್ತಿ ಅಂಟಿಸಿ ಒಣಗಲು ಬಿಟ್ಟರೆ ಚೌಕಟ್ಟು ಸುಟ್ಟ ಹಪ್ಪಳದಂತೆ ತಿರುಚಿಕೊಳ್ಳುತ್ತದೆ. ಒಣಗುವ ಕಾಗದ ಬಿಗಿಯುತ್ತದೆ, ಎದುರು ಎಳೆಯುವವರಿಲ್ಲ. ಹಾಗಾಗಿ ಮುಂದೆ ಒಂದು ಕಣ್ಣು, ಹಿಂದೆ ಅದರ ಜೋಡಿ, ಆಮೇಲೆ ಎದುರು ಬದಿಯದು ಎಂಬ ಕ್ರಮ. ಪೂರ್ತಿ ಒಣಗಿದ ಮೇಲೆ ಅಗಸೆ ಎಣ್ಣೆಗೆ ಅಷ್ಟೇ ಟರ್ಪೆಂಟೈನ್ ಬೆರೆಸಿ ಬಟ್ಟೆಯಲ್ಲಿ ತೆಳುವಾಗಿ ಒರೆಸಿ. ಕಾಗದ ಪಾರದರ್ಶಕವಲ್ಲದಿದ್ದರೂ ಬೆಳಕು ಬಿಡುವಂತಾಗುತ್ತದೆ. ಮುಟ್ಟಿದರೆ ಅಂಟದಂತಾಗಲು ಮಡಿಕೇರಿಯ ಥಂಡಿಯಲ್ಲಿ ವಾರ ಹಿಡಿದೀತು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ನೀರಲ್ಲಿ ಅದ್ದಿ, ಹರವಿ ಒಣಗಿಸಿ.

ಇನ್ನು ತೇಪೆಗಳು. ನಾಲ್ಕು ಕಣ್ಣು ಬೇಕೆಂದೇ ಹರಿದು, ಬೇರೆ ಬೇರೆ ಕಾಗದದಲ್ಲಿ ಮುಚ್ಚಿದೆವು. ಒಂದಕ್ಕೆ ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿದ್ದು, ಇನ್ನೊಂದಕ್ಕೆ ದಾರದ ಹೊಲಿಗೆ. ಹೊಲಿಯುವುದಾದರೆ ಎಣ್ಣೆ ಹಚ್ಚುವ ಮೊದಲು. ಬೆಳಕು ಹತ್ತಿದಾಗ ಮೊದಲು ಕಣ್ಣಿಗೆ ಬೀಳುವುದು ಈ ತೇಪೆಗಳ ಅಂಚೇ.

ಎಣ್ಣೆಕಾಗದದೊಳಗೆ ಉರಿಯುವ ದೀಪದ ಮಾತೇ ಇಲ್ಲ. 12 ವೋಲ್ಟಿನ, ಹಳದಿ ಬೆಳಕಿನ ಎಲ್‌ಇಡಿ ಪಟ್ಟಿ ಒಂದೂವರೆ ಮೀಟರ್ ಸಾಕು. ಅದನ್ನು ಗುರುತಿರುವಲ್ಲಿ ಮಾತ್ರ ಕತ್ತರಿಸಿ. ಪಟ್ಟಿಯ ಮುಖ ಕಾಗದದ ಕಡೆಗಲ್ಲ, ಒಳಗೆ ಕೋಲಿನ ಕಡೆಗಿರಲಿ. ಇಲ್ಲವಾದರೆ ಚುಕ್ಕಿ ಚುಕ್ಕಿ ಬಲ್ಬು ಎಣಿಸಬಹುದು. ಸೀಸದ ಬ್ಯಾಟರಿ ತಂದರೆ ಅದೇ ಎರಡು ಕಿಲೋ ದಾಟೀತು. ಲಿಥಿಯಂ ಪ್ಯಾಕ್ ತಂದು ಕೋಲಿನ ಬುಡದಲ್ಲಿ ಕೂರಿಸಿ. ಮೇಲಿನ ಬಳೆಗೆ ಅದೇ ಎದುರುತೂಕ. ಒಟ್ಟು ಮೂರು ಕಿಲೋದೊಳಗೆ ಇರದಿದ್ದರೆ ಎರಡನೇ ಅಂಕಕ್ಕೆ ನಟನ ತೋಳು ನಡುಗುತ್ತದೆ.

ಸದ್ದಿಗೆ ಬಳೆಯ ಕೆಳಗೆ ಮೂರು ಬಿದಿರು ಕೊಳವೆ, ಅದರೊಳಗೆ ಒಣಗಿದ ಚೆರಿ ಕಾಫಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು. ಕೈಯಲ್ಲಿ ಅಲುಗಾಡಿಸಿ ಕಾಫಿ ಒಣಗಿದ್ದನ್ನು ತಿಳಿಯುವವರಿಗೆ ಆ ಸದ್ದು ಗೊತ್ತು. ತೇವ ಕುಡಿದರೆ ಮೂಕ. ಪ್ರದರ್ಶನಕ್ಕೆ ಮುಂಚೆ ಕಾಫಿಯನ್ನು ಬಿಸಿಲಿಗಿಡಿ. ಗುಲಗಂಜಿ ಚೆನ್ನಾಗಿ ಸದ್ದು ಮಾಡಿದರೂ ಬೇಡ, ಬೀಜ ವಿಷ.

ಹಿಡಿಯುವ ಜಾಗ ಎರಡು, ಸೊಂಟದ ಮಟ್ಟ ಮತ್ತು ಎದೆಯ ಮಟ್ಟ. ಅಲ್ಲಿ ಹತ್ತಿಹಗ್ಗ ಸುತ್ತಿ ಡಿಕಾಕ್ಷನ್, ಮಸಿ ತಿಕ್ಕಿ, ಮೇಲೆ ಒಣಬಟ್ಟೆಯಲ್ಲಿ ಉಜ್ಜಬೇಕು. ಕೈ ತಾಗುವಲ್ಲಿ ಹೊಳಪು, ಸಂದಿಯಲ್ಲಿ ಕೊಳೆ. ಎಲ್ಲ ಕಡೆ ಒಂದೇ ಸಮ ಕಪ್ಪು ಬಳಿದರೆ ಹಳತಲ್ಲ, ಬರೀ ಗಲೀಜು.

ಮಳೆಗಾಲಕ್ಕೆ ಗೋಡೆಗೆ ಒರಗಿಸಿದರೆ ಕೋಲು ಬಾಗುತ್ತದೆ. ಬ್ಯಾಟರಿ ತೆಗೆದು, ಕೋಲಿನ ಕುತ್ತಿಗೆಗೆ ಹಗ್ಗ ಹಾಕಿ ಅಟ್ಟದಿಂದ ನೇತುಹಾಕಿ. ಒಲೆಯ ಶಾಖ ತಾಗುವ ಮೂಲೆಯಾದರೆ ಒಳ್ಳೆಯದು. ಕಾಗದ ಸಡಿಲಾದರೂ ಬಿಸಿಲು ಬಂದ ಮೇಲೆ ಬಿಗಿಯುತ್ತದೆ, ತೇಪೆ ಅಂಚು ಎದ್ದಿದ್ದರೆ ಮಾತ್ರ ಅಂಟು ಬೇಕು.