ಡಿಎಕ್ಸ್ ಬೈ ಡಿಟಿಯಲ್ಲಿ ಡಿ ಹೊಡೆದುಹಾಕಿದ ಹುಡುಗ

ಕಲಬುರಗಿಯ ಒಂದು ಪಿಯು ಕಾಲೇಜಿನಲ್ಲಿ ನಾನು ಫಿಸಿಕ್ಸ್ ಕಲಿಸುತ್ತೇನೆ. ಕೆಲವು ವರ್ಷದ ಹಿಂದೆ, ಜುಲೈ ತಿಂಗಳಲ್ಲಿ, ಮೊದಲ ಪಿಯುಸಿಯ ಕಿರು ಪರೀಕ್ಷೆಯ ಪೇಪರ್ ತಿದ್ದುತ್ತಾ ಕೂತಿದ್ದೆ. ವೇಗ ಅಂದರೆ ಡಿಎಕ್ಸ್ ಬೈ ಡಿಟಿ ಅಂತ ಒಬ್ಬ ಹುಡುಗ ಸರಿಯಾಗೇ ಬರೆದಿದ್ದ. ಎಕ್ಸ್ ಅಂದರೆ ದೂರ, ಟಿ ಅಂದರೆ ಹೊತ್ತು. ಡಿ ಬೇರೆ ಸಂಖ್ಯೆಯಲ್ಲ, ಅದರ ಸಣ್ಣ ಚೂರು ಅನ್ನೋ ಗುರುತು ಅಷ್ಟೆ. ಮುಂದಿನ ಸಾಲಿನಲ್ಲಿ ಮೇಲಿನ ಡಿ, ಕೆಳಗಿನ ಡಿ ಎರಡಕ್ಕೂ ಅಡ್ಡಗೆರೆ ಹೊಡೆದು ಎಕ್ಸ್ ಬೈ ಟಿ ಅಂತ ಉತ್ತರ ಕೊಟ್ಟಿದ್ದ. ಕರೆದು ಕೇಳಿದೆ. "ಸರ, ಮ್ಯಾಲೂ ಡಿ ಅದ, ಕೆಳಗೂ ಡಿ ಅದ. ಹೊಡದ್ರ ತಪ್ಪೇನ್ರಿ?" ಅಂದ. ಉಳಿದ ಪೇಪರ್‌ಗಳನ್ನು ನೋಡುತ್ತಾ ಹೋದೆ. ಇನ್ನೂ ಎಂಟು ಜನ ಅದನ್ನೇ ಮಾಡಿದ್ದರು.

ಆ ವರ್ಷ ನಾನು ಬಹಳ ಹುರುಪಿನಿಂದ ಶುರು ಮಾಡಿದ್ದೆ. ಮೆಕ್ಯಾನಿಕ್ಸ್ (ಚಲನೆ, ಬಲದ ಪಾಠ) ಅನ್ನು ಕ್ಯಾಲ್ಕುಲಸ್ (ಬದಲಾಗುತ್ತಾ ಹೋಗುವುದರ ಗಣಿತ) ಜೊತೆಗೇ ಕಲಿಸಬೇಕು ಅಂತ ಜೂನ್‌ನ ಮೊದಲ ಮೂರು ವಾರ ಬರೀ ಡೆರಿವೇಟಿವ್ (ಬದಲಾವಣೆಯ ದರ), ಇಂಟಿಗ್ರೇಷನ್ (ಚೂರುಗಳನ್ನು ಕೂಡಿಸುವುದು) ಸೂತ್ರ ಹೇಳಿಕೊಟ್ಟಿದ್ದೆ. ನನಗೆ ಬೇರೆ ದಾರಿಯೂ ಕಂಡಿರಲಿಲ್ಲ. ಗಣಿತದವರು ಡೆರಿವೇಟಿವ್‌ಗೆ ಬರುವುದು ವರ್ಷದ ಕೊನೆ ಕೊನೆಗೆ. ಇಂಟಿಗ್ರೇಷನ್ ಅಂತೂ ಎರಡನೇ ಪಿಯುಸಿಗೆ. ಫಿಸಿಕ್ಸ್‌ಗೆ ಅದು ಮೊದಲ ತಿಂಗಳಲ್ಲೇ ಬೇಕು. ಹಾಗಾಗಿ ನಾನೇ ತುರುಕಿದೆ. ಮಕ್ಕಳು ಬಾಯಿಪಾಠ ಮಾಡಿದರು, ಆಮೇಲೆ ಡಿ ಹೊಡೆದರು. ಅಂದಹಾಗೆ ಈ ಡಿ ಬರೆಯುವ ಪದ್ಧತಿ ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್‌ನದು, 1684ರಲ್ಲಿ ಅಚ್ಚಾಯಿತು. ನೋಡಲು ಥೇಟ್ ಭಾಗಾಕಾರದ ಹಾಗೇ ಇದೆ. ಹುಡುಗನದ್ದೇ ಪೂರ್ತಿ ತಪ್ಪು ಅನ್ನೋದು ಹೇಗೆ?

ಮರುವರ್ಷ ಪ್ಲಾನ್ ತಲೆಕೆಳಗು ಮಾಡಿದೆ. ಮೊದಲು ಪಾಠ, ಆಮೇಲೆ ಅದನ್ನು ಖಾತ್ರಿ ಮಾಡಿಕೊಳ್ಳೋಕೆ ಪ್ರಾಕ್ಟಿಕಲ್ ಅನ್ನೋದನ್ನು ಬಿಟ್ಟೆ. ಮೊದಲು ಲ್ಯಾಬ್, ಅಳತೆ, ಟೇಬಲ್. ಆ ಟೇಬಲ್ಲಿನಿಂದ ಕ್ಯಾಲ್ಕುಲಸ್. ಸೂತ್ರ ಎಲ್ಲದಕ್ಕಿಂತ ಕೊನೆಗೆ. ನನಗೆ ಸಿಗುವುದು ವಾರಕ್ಕೆ ನಾಲ್ಕು ಪೀರಿಯಡ್, ಜೊತೆಗೆ ಎರಡು ತಾಸು ಲ್ಯಾಬ್. ಮೂವತ್ತಾರು ಮಕ್ಕಳು, ಹದಿನೆಂಟರಂತೆ ಎರಡು ಬ್ಯಾಚ್, ಮೂವರಿಗೊಂದು ಟೇಬಲ್. ಜೂನ್‌ನಿಂದ ಸೆಪ್ಟೆಂಬರ್ ಕೊನೆ ಒಳಗೆ ಮೆಕ್ಯಾನಿಕ್ಸ್ ಮುಗಿಯಬೇಕು.

ಮೊದಲ ದಿನ ಬಸ್ಸಿನ ಮಾತು. ನಮ್ಮಲ್ಲಿ ಜೇವರ್ಗಿ ಕಡೆಯಿಂದ ದಿನಾ ಓಡಾಡುವ ಮಕ್ಕಳಿದ್ದಾರೆ. ಸುಮಾರು 40 ಕಿಲೋಮೀಟರ್, ಒಂದು ತಾಸು. ಹಾಗಾದರೆ ಕಟ್ಟಿ ಸಂಗಾವಿ ಹತ್ತಿರ ಭೀಮಾ ಸೇತುವೆ ಮೇಲೆ ಬಸ್ ಎಷ್ಟು ಜೋರಿತ್ತು ಅಂತ ಕೇಳಿದೆ. "40" ಅಂದವರು ಅರ್ಧ ಜನ. "ಅದು ಹೆಂಗ್ ಹೇಳ್ಲಿಕ್ಕೆ ಬರ್ತದ್ರಿ, ಮೀಟರ್ ನೋಡಬೇಕು" ಅಂದವರು ಇನ್ನರ್ಧ. ಒಬ್ಬ ಹುಡುಗಿ, "ನಮ್ಮ ಬಸ್ಸಿನ ಮೀಟರ್ ಬಂದ್ ಅದರಿ ಸರ" ಅಂದಳು. ಮೀಟರ್ ಇಲ್ಲದೆ ಒಂದು ಕ್ಷಣದ ವೇಗ ಹಿಡಿಯುವುದು ಹೇಗೆ? ಆ ಪ್ರಶ್ನೆ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು ಲ್ಯಾಬಿಗೆ ಕರೆದುಕೊಂಡು ಹೋದೆ.

ಗೋಡೆಗೆ ಟೈಲರ್ ಟೇಪ್ ಅಂಟಿಸಿದೆವು. ಹದಿನೈದು ರೂಪಾಯಿಯದು, ಎರಡು ಬೇಕಾಯಿತು. ಅದರ ಮುಂದೆ ಟೆನಿಸ್ ಬಾಲ್ ಬಿಟ್ಟೆವು. ನನ್ನ ಫೋನಿನಲ್ಲಿ ವಿಡಿಯೊ. ಫೋನ್ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ. ಅಂದರೆ ಪ್ರತಿ ಮೂರನೇ ಚಿತ್ರ ನೋಡಿದರೆ ಸರಿಯಾಗಿ ಸೆಕೆಂಡಿನ ಹತ್ತನೇ ಒಂದು ಭಾಗ. ಪ್ರೊಜೆಕ್ಟರ್‌ನಲ್ಲಿ ಒಂದೊಂದೇ ಚಿತ್ರ ನಿಲ್ಲಿಸಿ ಮಕ್ಕಳೇ ಟೇಪ್ ಓದಿದರು. ಚೆಂಡು ಮಬ್ಬಾಗಿ ಕಂಡಾಗ ಜಗಳವೂ ಆಯಿತು, ಮೇಲಿನ ಅಂಚು ಓದಬೇಕೋ ಕೆಳಗಿನದೋ ಅಂತ. ಯಾವುದಾದರೂ ಸರಿ, ಕೊನೆವರೆಗೂ ಅದನ್ನೇ ಓದಿ ಅಂದೆ. ಒಂದು ಗುಂಪಿಗೆ ಸೆಂಟಿಮೀಟರ್‌ನಲ್ಲಿ ಬಂದದ್ದು ಇಷ್ಟು: 0, 7, 24, 50, 86, 132.

ಪಕ್ಕದ ಸಂಖ್ಯೆಗಳನ್ನು ಒಂದರಿಂದೊಂದು ಕಳೆಯಿರಿ ಅಂದೆ. 7, 17, 26, 36, 46. ಇನ್ನೊಮ್ಮೆ ಕಳೆಯಿರಿ. 10, 9, 10, 10. ಸರಾಸರಿ 9.75. ಕ್ಲಾಸ್ ಒಂದು ಗಳಿಗೆ ಸುಮ್ಮನಾಯಿತು. ಹೈಸ್ಕೂಲಿನಿಂದ ಬಾಯಿಗೆ ಬಂದಿದ್ದ 9.8 (ಜಿ, ಅಂದರೆ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಏರುತ್ತದೆ ಅನ್ನೋ ಸಂಖ್ಯೆ) ತಾವೇ ಓದಿದ ಟೇಪಿನಿಂದ ಎದ್ದು ಬಂದಿತ್ತು. ಕಾಲದ ತುಂಡು 0.1 ಸೆಕೆಂಡ್ ಆದ್ದರಿಂದ ಸೆಂಟಿಮೀಟರ್ ಲೆಕ್ಕದಲ್ಲಿ ಎರಡನೇ ವ್ಯತ್ಯಾಸವೇ ನೇರವಾಗಿ ಜಿ ಆಗಿ ಕೂರುತ್ತದೆ. ಇದು ನನ್ನ ಜಾಣತನವಲ್ಲ, ಅಳತೆಯ ಮಾನಗಳ ಆಟ. ಆದರೆ ಮಕ್ಕಳ ಮುಖ ನೋಡಬೇಕಿತ್ತು.

ಅದೇ ಟೇಬಲ್ಲಿನಿಂದ ಬಸ್ಸಿನ ಪ್ರಶ್ನೆಗೆ ಬಂದೆವು. ಚೆಂಡು 7ನೇ ಗೆರೆ ದಾಟುವ ಕ್ಷಣದಲ್ಲಿ ಅದರ ವೇಗ ಎಷ್ಟು? ಅಲ್ಲಿಂದ 0.4 ಸೆಕೆಂಡಿನ ಸರಾಸರಿ ತೆಗೆದರೆ ಸೆಕೆಂಡಿಗೆ 312 ಸೆಂಟಿಮೀಟರ್. 0.3ಕ್ಕೆ 263. 0.2ಕ್ಕೆ 215. 0.1ಕ್ಕೆ 170. ಒಂದೇ ಚಿತ್ರ ಮುಂದೆ ಸರಿಸಿದರೆ ಚೆಂಡು ಇಳಿದದ್ದು 4.5 ಸೆಂಟಿಮೀಟರ್, ವೇಗ 135. ಸಂಖ್ಯೆ ಇಳಿಯುತ್ತಿದೆ, ಆದರೆ ಸೊನ್ನೆಗೆ ಹೋಗುತ್ತಿಲ್ಲ. ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಕೇಳಿದರೆ, ಗ್ರಾಫ್ ಹಾಕಿ ಗೆರೆ ಎಳೆದು "120ರ ಆಜುಬಾಜು ರೀ" ಅಂದರು. ಆಗ ಬೋರ್ಡಿನ ಮೇಲೆ ಮೊದಲ ಸಲ ಡಿಎಕ್ಸ್ ಬೈ ಡಿಟಿ ಬರೆದೆ. ಡಿಎಕ್ಸ್ ಅಂದರೆ ಎಕ್ಸ್‌ನ ಒಂದು ಚೂರು, ಡಿಟಿ ಅಂದರೆ ಹೊತ್ತಿನ ಒಂದು ಚೂರು, ಚೂರು ಸಣ್ಣದಾಗುತ್ತಾ ಹೋದಾಗ ಈ ಭಾಗಾಕಾರ ಹೋಗಿ ಮುಟ್ಟುವ ಜಾಗವೇ ವೇಗ. ಆ ವರ್ಷ ಡಿ ಹೊಡೆದವರು ಇಬ್ಬರೇ. ಇಬ್ಬರೂ ಆ ವಾರ ಗೈರುಹಾಜರಿದ್ದವರು.

ಈಗ ಟ್ರ್ಯಾಕರ್ ಅನ್ನೋ ಉಚಿತ ಸಾಫ್ಟ್‌ವೇರ್ ಬಳಸುತ್ತೇನೆ. ಅದು ಚೆಂಡನ್ನು ತಾನೇ ಗುರುತಿಸಿ ಗ್ರಾಫ್ ಹಾಕುತ್ತದೆ. ಆದರೆ ಮೊದಲ ಸಲ ಮಾತ್ರ ಕೈಯಿಂದಲೇ. ಕಳೆಯುವ ಲೆಕ್ಕ ಕೈಯಲ್ಲಿ ಮಾಡದವನಿಗೆ ಕಂಪ್ಯೂಟರ್ ಗ್ರಾಫ್ ಬರೀ ಚಿತ್ರ.

ನ್ಯೂಟನ್ನಿನ ನಿಯಮಗಳ ಮೂರು ವಾರದಲ್ಲಿ ನನಗೆ ಇಷ್ಟವಾದದ್ದು ಗಾಳಿಯ ತಡೆ. ಪಠ್ಯದ ಲೆಕ್ಕಗಳಲ್ಲಿ ಬಹುತೇಕ "ಗಾಳಿಯ ತಡೆಯನ್ನು ಕಡೆಗಣಿಸಿ" ಅಂತ ಇರುತ್ತದೆ. ನಾವು ಅದನ್ನೇ ಹಿಡಿದೆವು. ಸೂಪರ್ ಮಾರ್ಕೆಟ್ ಕಡೆ ಹೋದಾಗ ಬೇಕರಿ ಸಾಮಾನಿನ ಅಂಗಡಿಯಲ್ಲಿ ಕಪ್ ಕೇಕಿಗೆ ಹಾಕುವ ಕಾಗದದ ಬಟ್ಟಲುಗಳ ಒಂದು ಪ್ಯಾಕೆಟ್ ತಂದೆ. ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಯಲ್ಲಿ ಹತ್ತು ಬಟ್ಟಲು ಸೇರಿ 4 ಗ್ರಾಂ. ಮೆಟ್ಟಿಲ ಮೇಲಿನಿಂದ ಬಿಟ್ಟರೆ ಸ್ವಲ್ಪ ದೂರದಲ್ಲೇ ಒಂದೇ ವೇಗಕ್ಕೆ ಬಂದು ತೇಲುತ್ತಾ ಇಳಿಯುತ್ತವೆ. ಕೊನೆಯ 2 ಮೀಟರ್ ಮಾತ್ರ ಹೊತ್ತು ಅಳೆಯುವುದು. ಒಂದರೊಳಗೊಂದು ನಾಲ್ಕು ಇಟ್ಟು ಬಿಟ್ಟರೆ ತೂಕ ನಾಲ್ಕು ಪಟ್ಟು, ಆಕಾರ ಅದೇ. ಹೊತ್ತು ಎಷ್ಟಾಗುತ್ತದೆ? ಬಿಡುವ ಮೊದಲೇ ಬರೆದುಕೊಡಿ ಅಂದೆ. ಹೆಚ್ಚಿನವರು ಕಾಲು ಭಾಗ ಅಂತ ಬರೆದರು. ಒಂದು ಬಟ್ಟಲಿಗೆ ಸುಮಾರು 1.6 ಸೆಕೆಂಡ್, ನಾಲ್ಕಕ್ಕೆ 0.8. ಅರ್ಧ! ಒಂದೇ ವೇಗದಲ್ಲಿ ಇಳಿಯುವಾಗ ತಡೆ ತೂಕದಷ್ಟೇ ಇರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಅಂದರೆ ತಡೆ ಏರುವುದು ವೇಗದ ವರ್ಗದ ಲೆಕ್ಕದಲ್ಲಿ. ಒಂದೇ ತೊಂದರೆ, ಫ್ಯಾನ್ ಹಾಕುವ ಹಾಗಿಲ್ಲ. ಕಲಬುರಗಿಯ ಜೂನ್‌ನಲ್ಲಿ, ಮಳೆ ಹಿಡಿಯದ ದಿನಗಳಲ್ಲಿ, ಫ್ಯಾನ್ ಬಂದ್ ಮಾಡಿ ಎರಡು ತಾಸು ಲ್ಯಾಬ್ ಮಾಡಿದ್ದೇವೆ. ಈಗ ಅದನ್ನು ಜುಲೈ ಕೊನೆಗೆ ಹಾಕಿಕೊಂಡಿದ್ದೇನೆ.

ಬಟ್ಟಲಿನ ವೇಗ ಹೊತ್ತು ಹೋದಂತೆ ಹೇಗೆ ಬದಲಾಗುತ್ತದೆ ಅನ್ನೋ ಸಮೀಕರಣವನ್ನು ಬಿಡಿಸುವ ಗಣಿತ ಮಕ್ಕಳಿಗೆ ಗೊತ್ತಿಲ್ಲ. ಬೇಕಾಗಿಯೂ ಇಲ್ಲ. ಗಣಿತಜ್ಞ ಆಯ್ಲರ್‌ನ ವಿಧಾನದಲ್ಲಿ ಕ್ಯಾಲ್ಕುಲೇಟರ್ ಹಿಡಿದು ಹೆಜ್ಜೆ ಹೆಜ್ಜೆಗೆ ಹೋದರೆ ಸಾಕು. ಈಗಿನ ವೇಗದಿಂದ ವೇಗೋತ್ಕರ್ಷ (ವೇಗ ಏರುವ ದರ), ಅದರಿಂದ ಮುಂದಿನ ವೇಗ. ಮೊದಲ ಸಲ ನಾನು 0.1 ಸೆಕೆಂಡಿನ ಹೆಜ್ಜೆ ಕೊಟ್ಟೆ. ಬಂದ ವೇಗ ಸೆಕೆಂಡಿಗೆ 0.98, 1.40, 1.24, 1.33 ಮೀಟರ್. ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ: "ಸರ, ಬೀಳೋ ಬಟ್ಟಲ ನಡುವ ಯಾಕ ಸಾವಕಾಶ ಆತು?" ನನಗೂ ಒಂದು ನಿಮಿಷ ಹೊಳೆಯಲಿಲ್ಲ. ತಪ್ಪು ಬಟ್ಟಲಿನದಲ್ಲ, ನಮ್ಮ ಹೆಜ್ಜೆಯದು. ಅಷ್ಟು ದೊಡ್ಡ ಹೆಜ್ಜೆಯಲ್ಲಿ ಲೆಕ್ಕ ಗುರಿ ದಾಟಿ ಮುಂದೆ ಹೋಗಿ ವಾಪಸ್ ಬರುತ್ತಿತ್ತು. 0.05ಕ್ಕೆ ಇಳಿಸಿದೆವು: 0.49, 0.91, 1.16, 1.26, 1.29. ನೀಟಾಗಿ ಏರಿ ನಿಂತಿತು. ಚೂರು ಯಾಕೆ ಸಣ್ಣದಿರಬೇಕು ಅಂತ ಆಮೇಲೆ ನಾನು ಯಾರಿಗೂ ಹೇಳಬೇಕಾಗಲಿಲ್ಲ.

ಘರ್ಷಣೆಗೆ ಶಹಾಬಾದ್ ಕಲ್ಲು. ನಮ್ಮ ಕಡೆ ಅದಕ್ಕೇನು ಬರ, ಕಾಲೇಜಿನ ಹಿಂದೆ ಕಟ್ಟಡ ಕೆಲಸ ಮಾಡಿ ಉಳಿದ ತುಂಡುಗಳೇ ಬಿದ್ದಿದ್ದವು. ಒಂದು ಮೈ ಪಾಲಿಶ್, ಇನ್ನೊಂದು ಒರಟು. ಒಂದು ತುದಿ ಎತ್ತುತ್ತಾ ಹೋಗಿ ಮರದ ತುಂಡು ಜಾರುವ ಕೋನ ಅಳೆದರೆ ಆಯಿತು.

ಕೆಲಸ ಮತ್ತು ಶಕ್ತಿಯ ಪಾಠಕ್ಕೆ ಸ್ಪ್ರಿಂಗ್ ಇಟ್ಟುಕೊಂಡಿದ್ದೆ. ಲ್ಯಾಬಿನಲ್ಲಿದ್ದದ್ದು ಮೂರು. ಮೊದಲ ಬ್ಯಾಚಿನವರು ಭಾರದ ಮೇಲೆ ಭಾರ ಹಾಕಿ ಎರಡನ್ನು ಎಳೆದು ಸಡಿಲ ಮಾಡಿಬಿಟ್ಟರು. ಅವು ಮತ್ತೆ ಮೊದಲಿನ ಉದ್ದಕ್ಕೆ ಬರಲೇ ಇಲ್ಲ. ಹೊಸದಕ್ಕೆ ಬರೆದರೆ ಬರೋದು ಮುಂದಿನ ವರ್ಷ. ನಮ್ಮ ಅಟೆಂಡರ್, ಮಕ್ಕಳೆಲ್ಲ ಕಾಕಾ ಅಂತ ಕರೆಯುವವರು, "ಸೈಕಲ್ ಟ್ಯೂಬ್ ಕತ್ರಿಸಿ ಕೊಡ್ಲೇನ್ರಿ ಸರ?" ಅಂದರು. ಒಲ್ಲದ ಮನಸ್ಸಿನಿಂದ ಹೂಂ ಅಂದೆ. ಟ್ಯೂಬಿನ ಸಣ್ಣ ಪಟ್ಟಿಗೆ 50 ಗ್ರಾಂನಂತೆ 500 ಗ್ರಾಂವರೆಗೆ ಭಾರ ಏರಿಸುವುದು, ಅದೇ ಕ್ರಮದಲ್ಲಿ ಇಳಿಸುವುದು. ಭಾರ ಮತ್ತು ಪಟ್ಟಿ ಹಿಗ್ಗಿದ ಉದ್ದದ ಗ್ರಾಫ್ ನೇರ ಗೆರೆ ಬರಲಿಲ್ಲ. ಸಾಲದ್ದಕ್ಕೆ ಏರುವಾಗಿನ ದಾರಿ ಬೇರೆ, ಇಳಿಯುವಾಗಿನ ದಾರಿ ಬೇರೆ. ಸ್ಪ್ರಿಂಗಿನ ಶಕ್ತಿಗೆ ಹಾಕುವ ಅರ್ಧ ಕೆ ಎಕ್ಸ್ ವರ್ಗ ಅನ್ನೋ ಸೂತ್ರ ಇಲ್ಲಿ ಕೆಲಸಕ್ಕೆ ಬಾರದು. ಎಳೆಯಲು ಎಷ್ಟು ಶಕ್ತಿ ಹೋಯಿತು ಅಂತ ತಿಳಿಯಲು ಗ್ರಾಫ್ ಹಾಳೆಯಲ್ಲಿ ಗೆರೆಯ ಕೆಳಗಿನ ಮನೆಗಳನ್ನು ಎಣಿಸಲೇಬೇಕು. ಇಂಟಿಗ್ರೇಷನ್ ಅಂದರೆ ಆ ಎಣಿಕೆಯೇ. ಒಳ್ಳೆ ಸ್ಪ್ರಿಂಗ್ ಇದ್ದಿದ್ದರೆ ತ್ರಿಕೋನದ ಸೂತ್ರ ಹಾಕಿ ಎದ್ದು ಹೋಗುತ್ತಿದ್ದರು.

ಎಣಿಸಿದಾಗ ಎಳೆಯಲು ಹಾಕಿದ್ದು 0.52 ಜೂಲ್, ವಾಪಸ್ ಬಂದದ್ದು 0.43. "ಉಳಿದದ್ದು ಎಲ್ಲಿ ಹೋತ್ರಿ?" ಪಟ್ಟಿಯನ್ನು ಇಪ್ಪತ್ತು ಸಲ ಜೋರಾಗಿ ಎಳೆದು ಬಿಟ್ಟು ಗಲ್ಲಕ್ಕೆ ಹಚ್ಚಿ ನೋಡು ಅಂದೆ. ಬೆಚ್ಚಗಿತ್ತು. ಈಗ ಹೊಸ ಸ್ಪ್ರಿಂಗ್ ಬಂದಿವೆ. ಆದರೂ ಟ್ಯೂಬ್ ಬಿಟ್ಟಿಲ್ಲ.

ಲೋಲಕ, ಅಂದರೆ ದಾರಕ್ಕೆ ಕಟ್ಟಿದ ಗುಂಡು, ತೂಗುವ ಹೊತ್ತಿನಿಂದ ಜಿ ಕಂಡುಹಿಡಿಯುವ ಪ್ರಯೋಗಕ್ಕೆ ಬಂದರೆ ನನ್ನ ದೊಡ್ಡ ತಲೆನೋವು ರೆಕಾರ್ಡ್ ಪುಸ್ತಕ. ಎಲ್ಲರ ಜಿ 9.8. ಒಬ್ಬರದೂ ತಪ್ಪಿಲ್ಲ. ಹಿಂದಿನ ವರ್ಷದ ಅಕ್ಕ ಅಣ್ಣಂದಿರ ರೆಕಾರ್ಡ್ ನೋಡಿ ಉತ್ತರದಿಂದ ರೀಡಿಂಗ್ ಮಾಡಿಕೊಂಡು ಬರುತ್ತಾರೆ. ಬೈದರೆ ನಿಲ್ಲುವುದಿಲ್ಲ. ನಾನೂ ಪಿಯುಸಿಯಲ್ಲಿ ಅದನ್ನೇ ಮಾಡಿದವನು. ಹಾಗಾಗಿ ಎರಡು ಬದಲಾವಣೆ ಮಾಡಿದೆ. ರೀಡಿಂಗ್ ಪೆನ್ನಿನಲ್ಲೇ ಬರೆಯಬೇಕು, ತಪ್ಪಾದರೆ ಒಂದೇ ಗೆರೆ, ಅಳಿಸುವ ಹಾಗಿಲ್ಲ. ಇನ್ನೊಂದು, ನಮ್ಮೂರಿನ ಜಿ 9.8 ಅಲ್ಲ ಅಂತ ಮೊದಲೇ ಹೇಳಿಬಿಟ್ಟೆ. ಸಮಭಾಜಕದಿಂದ 17 ಡಿಗ್ರಿ ಮೇಲೆ, ಸಮುದ್ರದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವ ಕಲಬುರಗಿಗೆ ಲೆಕ್ಕ ಹಾಕಿದರೆ 9.78ರ ಹತ್ತಿರ ಬರುತ್ತದೆ. ಪುಸ್ತಕದ ಸಂಖ್ಯೆಯೇ ಊರಿಗೆ ಸರಿ ಹೊಂದದಿದ್ದರೆ ಅದನ್ನು ಕದ್ದು ಏನು ಲಾಭ?

ಒಂದು ಗುಂಪಿಗೆ 9.68 ಬಂತು. ದಾರ 100 ಸೆಂಟಿಮೀಟರ್, 20 ಆಂದೋಲನಕ್ಕೆ 40.4 ಸೆಕೆಂಡ್. ಮೂವರೂ ಮುಖ ಸಪ್ಪೆ ಮಾಡಿಕೊಂಡು ನಿಂತಿದ್ದರು. ಇನ್ನೂ ನಾಲ್ಕು ಉದ್ದಕ್ಕೆ ರೀಡಿಂಗ್ ತೆಗೆದು, ಅವಧಿಯ ವರ್ಗ ಮತ್ತು ದಾರದ ಉದ್ದದ ಗ್ರಾಫ್ ಹಾಕಿ ಅಂದೆ. ನೇರ ಗೆರೆ ಬಂತು, ಆದರೆ ಸೊನ್ನೆ ಮೂಲಕ ಹೋಗಲಿಲ್ಲ. ಹಿಂದಕ್ಕೆ ಎಳೆದರೆ ಉದ್ದದ ಅಕ್ಷವನ್ನು ಸೊನ್ನೆಗಿಂತ ಎಡಕ್ಕೆ, ಮೈನಸ್ 1.2ರ ಹತ್ತಿರ ಮುಟ್ಟಿತು. "ಉದ್ದ ಮೈನಸ್ ಹೆಂಗ್ ಆಗ್ತದ್ರಿ?" ಅಂತ ಗುಂಪಿನ ಒಬ್ಬ ಹುಡುಗಿ ಕೇಳಿದಳು. ಕಾಕಾ ಪಕ್ಕದಲ್ಲೇ ವರ್ನಿಯರ್ (ಸಣ್ಣ ಅಳತೆಯ ಸಾಧನ) ಒರೆಸುತ್ತಾ ನಿಂತಿದ್ದರು. ಏನೂ ಮಾತಾಡದೆ ಅದನ್ನು ಆ ಹುಡುಗಿಯ ಕೈಗೆ ಕೊಟ್ಟರು. ಗುಂಡಿನ ವ್ಯಾಸ 2.4 ಸೆಂಟಿಮೀಟರ್. ಉದ್ದ ಅಳೆಯಬೇಕಾದ್ದು ಗುಂಡಿನ ನಟ್ಟನಡುವಿನವರೆಗೆ, ತ್ರಿಜ್ಯ ಸೇರಿಸೋದು ಮರೆತಿದ್ದರು. ಗೆರೆಯ ಇಳಿಜಾರಿನಿಂದ ಜಿ ತೆಗೆದರೆ 9.77. ಆ ಪುಟಕ್ಕೆ ನಾನು ಪೂರ್ತಿ ಅಂಕ ಕೊಟ್ಟೆ, 9.68 ಗೆರೆ ಹೊಡೆದದ್ದೂ ಸೇರಿಸಿ.

ಇದಕ್ಕೆಲ್ಲ ಸಮಯ ಎಲ್ಲಿಂದ ಬಂತು ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಕತ್ತರಿಸಿದೆ, ಅಷ್ಟೆ. ಮೊದಲು ಕ್ಲಾಸಿನಲ್ಲಿ ಬಿಡಿಸುತ್ತಿದ್ದ ಲೆಕ್ಕಗಳಲ್ಲಿ ಅರ್ಧ ಮನೆಗೆ ಹೋದವು. ನೋಟ್ಸ್ ಬರೆಸುವುದು ನಿಲ್ಲಿಸಿದೆ. ಪರೀಕ್ಷೆಗೆ ಬೇಕಾದ ಮಾಮೂಲಿ ಪ್ರಯೋಗಗಳನ್ನು ಬಿಡಲಿಲ್ಲ, ಅವಕ್ಕೆ 30 ಅಂಕ ಇದೆಯಲ್ಲ. "ನೀಟ್‌ಗೆ ಇದೆಲ್ಲ ಬೇಕಾ ಸರ?" ಅನ್ನೋ ಪಾಲಕರೂ ಇದ್ದರು. ಬೇಕಿಲ್ಲ ಅಂತಲೇ ಹೇಳಿದೆ. ಇಬ್ಬರು ಮಕ್ಕಳನ್ನು ಬಿಡಿಸಿ ಬೇರೆ ಕಡೆ ಹಾಕಿದರು.

ನನಗೆ ಇನ್ನೂ ಕೂಡಿಬರದದ್ದು ರೊಟೇಷನ್, ಅಂದರೆ ತಿರುಗುವ ವಸ್ತುಗಳ ಪಾಠ. ಸೆಪ್ಟೆಂಬರ್ ಬರುವಷ್ಟರಲ್ಲಿ ದಿನ ಸಾಲುವುದಿಲ್ಲ. ಪಿವಿಸಿ ಪೈಪಿನ ತುಂಡು, ಟಾರ್ಚ್ ಸೆಲ್, ಗೋಲಿ ಮೂರನ್ನೂ ಶಹಾಬಾದ್ ಕಲ್ಲಿನ ಮೇಲೆ ಉರುಳಿಸಿ ಯಾವುದು ಮೊದಲು ಅಂತ ನೋಡುತ್ತೇವೆ. ಗೋಲಿ ಗೆಲ್ಲುತ್ತದೆ, ಪೈಪ್ ಹಿಂದೆ ಬೀಳುತ್ತದೆ, ಮಕ್ಕಳು ನಗುತ್ತಾರೆ. ಆಮೇಲೆ ಮತ್ತೆ ನಾನು ಬೋರ್ಡಿಗೇ ಓಡುತ್ತೇನೆ. ಅಳತೆ ಮಾಡಿ ಟೇಬಲ್ ಕಟ್ಟುವಂಥದ್ದು ಏನಾದರೂ ಬೇಕು. ಹೋದ ವಾರ ಕಾಕಾ ಹಳೇ ಹೊಲಿಗೆ ಮಷೀನಿನ ಚಕ್ರ ಒಂದನ್ನು ತಂದು ಲ್ಯಾಬಿನ ಟೇಬಲ್ ಮೇಲೆ ಇಟ್ಟಿದ್ದಾರೆ. ದಾರ ಸುತ್ತಿ ಭಾರ ಕಟ್ಟಿ ಬಿಟ್ಟರೆ ತಿರುಗಬೇಕು. ಸದ್ಯಕ್ಕೆ ಬೇರಿಂಗ್ ಹಿಡಿದುಕೊಂಡಿದೆ, ಎಣ್ಣೆ ಬಿಟ್ಟಿದ್ದೇವೆ.