ಗೇರು ಕಾಣದ ಸೈಕಲ್ಲಿನಲ್ಲಿ ಆಗುಂಬೆ ಘಾಟಿ

ಹೋದ ವರ್ಷದ ಮಳೆಗಾಲ ಒಂದರಲ್ಲೇ ನನ್ನ ಹಳೆಯ ರೋಡ್ ಬೈಕು ಎರಡು ಚೈನು ತಿಂದಿತು. ತೀರ್ಥಹಳ್ಳಿ ಕಡೆಯ ಮಳೆ ಕಂಡವರಿಗೆ ಇದು ದೊಡ್ಡ ಸುದ್ದಿಯಲ್ಲ. ಜೂನ್‌ ಬಂತೆಂದರೆ ರಸ್ತೆಯ ಮೇಲೆ ನೀರಿನ ಜೊತೆ ಕೆಂಪು ಮಣ್ಣೂ ಹರಿಯುತ್ತದೆ. ಅದು ಚೈನಿಗೆ ಮೆತ್ತಿಕೊಂಡು ಪಾಲಿಶ್ ಪೇಪರಿನ ಕೆಲಸ ಮಾಡುತ್ತದೆ. ಹಿಂದಿನ ಹತ್ತು ಹಲ್ಲುಚಕ್ರ, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರಿನ ಎರಡು ಪುಟಾಣಿ ಗಾಲಿ, ಯಾವುದನ್ನೂ ಬಿಡುವುದಿಲ್ಲ. ಸುತ್ತಾಡಿ ಬಂದ ಮೇಲೆ ಹಳೆಯ ಟೂತ್‌ಬ್ರಷ್ಷು, ಸೀಮೆಎಣ್ಣೆ ಹಿಡಿದು ಕೂತರೆ ಒಂದು ಗಂಟೆ ಹೋಯಿತು. ಕೊನೆಗೆ ಆಗಸ್ಟಿನಲ್ಲಿ ಒಂದು ಜಿಗ್ಗು ಡಿರೇಲರಿಗೆ ಸಿಕ್ಕಿಕೊಂಡಿತು. ಡಿರೇಲರು ಸೀದಾ ಚಕ್ರದ ಕಡ್ಡಿಗಳೊಳಗೆ ನುಗ್ಗಿ ಎರಡು ತುಂಡಾಯಿತು. ಸೈಕಲ್ಲನ್ನು ಅಡಿಕೆ ಸಾಗಿಸುವ ಪಿಕಪ್ಪಿನಲ್ಲಿ ಹಾಕಿಕೊಂಡು ಮನೆಗೆ ಬಂದೆ. ಆ ರಾತ್ರಿಯೇ ತೀರ್ಮಾನ ಮಾಡಿದೆ: ಮುಂದಿನ ಸೈಕಲ್ಲಿನಲ್ಲಿ ಗೇರು ಹೊರಗೆ ಇರಕೂಡದು.

ಗೇರು ಒಳಗಿರುವ ಸೈಕಲ್ಲು ನನಗೆ ಹೊಸದೇನಲ್ಲ. ನಮ್ಮ ಸೋದರಮಾವನ ಹತ್ತಿರ ಒಂದು ಹಳೆಯ ರ‍್ಯಾಲಿ ಇತ್ತು. ಹ್ಯಾಂಡಲ್ಲಿನ ಮೇಲೆ ಹೆಬ್ಬೆರಳಷ್ಟು ಉದ್ದದ ಒಂದು ಕೊಕ್ಕೆ. ಅದನ್ನು ಟಿಕ್ ಅನ್ನಿಸಿದರೆ ಪೆಡಲು ಹಗುರ, ಇನ್ನೊಮ್ಮೆ ಟಿಕ್ ಅನ್ನಿಸಿದರೆ ಭಾರ. ಹಿಂದಿನ ಚಕ್ರದ ಹೊಟ್ಟೆಯಲ್ಲಿ ಸ್ಟರ್ಮಿ-ಆರ್ಚರ್ ಮೂರು ಗೇರಿನ ಹಬ್ಬು, ಅಂದರೆ ಕಡ್ಡಿಗಳೆಲ್ಲ ಬಂದು ಸೇರುವ ನಡುವಿನ ಡಬ್ಬಿ. 1902ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಶುರುವಾದ ಉಪಾಯ ಅದು. ನಡುವಿನ ಗೇರು ನೇರ, ಕೆಳಗಿನದು ಕಾಲು ಭಾಗ ಹಗುರ, ಮೇಲಿನದು ಮೂರನೇ ಒಂದು ಭಾಗ ಭಾರ. ಮಾವ ಅದಕ್ಕೆ ಮಾಡುತ್ತಿದ್ದ ಸೇವೆ ಅಂದರೆ ವರ್ಷಕ್ಕೆ ನಾಲ್ಕು ಹನಿ ಎಣ್ಣೆ.

ಹಬ್ಬಿನೊಳಗೆ ನಡೆಯುವುದು ಇಷ್ಟು. ನಡುವೆ ಅಚ್ಚಿಗೆ ಕೂತ ಒಂದು ಹಲ್ಲುಚಕ್ರ. ಅದನ್ನು ಸೂರ್ಯ ಅನ್ನುತ್ತಾರೆ. ಸುತ್ತ ತಿರುಗುವ ಚಿಕ್ಕ ಚಕ್ರಗಳು ಗ್ರಹಗಳು. ಅವನ್ನೆಲ್ಲ ಸುತ್ತುವರಿದು ಒಳಹಲ್ಲಿನ ಒಂದು ಬಳೆ. ಬಳೆಯನ್ನು ತಿರುಗಿಸಿ ಗ್ರಹಗಳ ಕಡೆಯಿಂದ ತಿರುಗಣೆ ತೆಗೆದರೆ ಹಗುರದ ಗೇರು. ಗ್ರಹಗಳನ್ನು ತಿರುಗಿಸಿ ಬಳೆಯಿಂದ ತೆಗೆದರೆ ಭಾರದ್ದು. ಇಂಥ ಎರಡು ಮೂರು ಸಂಸಾರಗಳನ್ನು ಒಂದೇ ಡಬ್ಬಿಗೆ ತುಂಬಿದರೆ ಎಂಟು, ಹನ್ನೊಂದು, ಹದಿನಾಲ್ಕು ಗೇರು ಸಿಗುತ್ತವೆ.

ಹದಿನಾಲ್ಕು ಗೇರಿನದು ಜರ್ಮನಿಯ ರೋಲಾಫ್. ಅದರ ಮೊದಲ ಗೇರಿಗೂ ಕೊನೆಯದಕ್ಕೂ 526 ಪರ್ಸೆಂಟ್ ಅಂತರ, ಅಂದರೆ ಕೊನೆಯದು ಮೊದಲನೆಯದರ ಐದೂಕಾಲು ಪಟ್ಟು ಭಾರ. ಆದರೆ ಆ ಹಬ್ಬೊಂದರ ಬೆಲೆಗೆ ನನ್ನ ಇಡೀ ಸೈಕಲ್ಲು ಆಗುತ್ತದೆ. ಜಪಾನಿನ ಶಿಮಾನೊ ಕಂಪನಿಯ ಆಲ್ಫೀನ್‌ನಲ್ಲಿ ಹನ್ನೊಂದರದ್ದೂ ಇದೆ, ಅಂತರ 409 ಪರ್ಸೆಂಟ್. ನಾನು ಎಂಟು ಗೇರಿನದಕ್ಕೇ ನಿಂತೆ. ಅಂತರ 307 ಪರ್ಸೆಂಟ್. ರೇಸಿಗೆ ಹೋಗುವ ಕಾಲು ನನ್ನದಲ್ಲ. ಘಾಟಿ ಹತ್ತಬೇಕು, ಮನೆಗೆ ಬರಬೇಕು, ಅಷ್ಟೇ.

ಪಾರ್ಸೆಲ್ ಬಂದ ದಿನ ನಾನು ತೋಟದಲ್ಲಿದ್ದೆ. ಹೆಂಡತಿ ಅಂಗಳದಿಂದಲೇ ಕೂಗಿದಳು, "ರೀ, ನಿಮ್ಮ ಹಬ್ ಬಂತು!" ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ, "ಯಾವ ಹಬ್ಬ ಮಾರಾಯ್ತಿ ಈಗ?" ಅಂದರು. ಆಮೇಲೆ ನಮ್ಮ ಮನೆಯಲ್ಲಿ ಅದಕ್ಕೆ ಹಬ್ಬ ಎಂದೇ ಹೆಸರಾಯಿತು.

ಹಬ್ಬಿನ ಜೊತೆಗೆ ಫ್ರೇಮನ್ನೂ ನನ್ನ ಅಳತೆಗೆ ಕಟ್ಟಿಸಿದೆ. ಯಾಕೆ ಎಂದು ತುಂಬಾ ಜನ ಕೇಳಿದ್ದಾರೆ. ನಾನು ಐದು ಅಡಿ ಮೂರು ಇಂಚು. ಅಂಗಡಿಯ ರೋಡ್ ಬೈಕು ಹತ್ತಿದರೆ ಹ್ಯಾಂಡಲ್ಲಿಗೆ ನೇತುಬಿದ್ದ ಹಾಗೆ ಆಗುತ್ತದೆ. ಇದು ಒಂದು. ಇನ್ನೊಂದು ಹಬ್ಬಿನ ಕಾರಣ. ಹಳೆಯ ಕಾಲದ ರೋಡ್ ಫ್ರೇಮಿನ ಹಿಂದೆ ಚಕ್ರ ಕೂರುವ ಜಾಗ 130 ಮಿ.ಮೀ., ಈ ಹಬ್ಬಿಗೆ 135 ಬೇಕು. ಅದಕ್ಕಿಂತ ಮುಖ್ಯ, ಡಿರೇಲರು ಇಲ್ಲದ ಮೇಲೆ ಚೈನನ್ನು ಬಿಗಿ ಹಿಡಿಯುವವರು ಯಾರು? ಚಕ್ರವನ್ನೇ ಹಿಂದಕ್ಕೆ ಸರಿಸುವ ಹಾಗಿರಬೇಕು. ಅದಕ್ಕೆ ಜಾರುವ ಡ್ರಾಪ್‌ಔಟ್, ಅಂದರೆ ಚಕ್ರದ ಅಚ್ಚು ಕೂರುವ ಕಚ್ಚು, ಹಾಕಿಸಿದೆ. ಕೊಳವೆ ರೆನಾಲ್ಡ್ಸ್ 725 ಉಕ್ಕು. ಬೆಂಗಳೂರಿನ ಒಂದು ಪುಟ್ಟ ವರ್ಕ್‌ಶಾಪಿನಲ್ಲಿ ಹಿತ್ತಾಳೆ ಬೆಸುಗೆ ಹಾಕಿ ಕಟ್ಟಿದರು. ಮೂರು ತಿಂಗಳು ಅಂದಿದ್ದು ಏಳು ತಿಂಗಳಾಯಿತು. ಬಣ್ಣ ಮಾತ್ರ ನನ್ನ ಆಯ್ಕೆ, ಹಸಿ ಅಡಿಕೆಯ ಹಸಿರು.

ಜೋಡಣೆ ಮನೆಯಲ್ಲೇ. ಚಕ್ರ ಕಟ್ಟುವಾಗ ಮೊದಲ ಎಡವಟ್ಟು. ಹಬ್ಬಿನ ಹೊಟ್ಟೆ ದಪ್ಪ ಇರುವುದರಿಂದ ಕಡ್ಡಿ ಚಿಕ್ಕದಾಗಿರಬೇಕು. ಅಂಗಡಿಯವರು ಮಾಮೂಲಿ ಲೆಕ್ಕದಲ್ಲಿ ಕಳಿಸಿದ 36 ಕಡ್ಡಿಗಳೂ ಉದ್ದ. ಮತ್ತೆ ತರಿಸಿದ್ದಾಯಿತು. ಎರಡನೆಯದು ನನ್ನದೇ ತಪ್ಪು. ಅಚ್ಚು ತಿರುಗದ ಹಾಗೆ ಹಿಡಿಯುವ ಎರಡು ವಾಷರ್ ಬರುತ್ತವೆ. ನನ್ನ ಡ್ರಾಪ್‌ಔಟಿಗೆ ಬಲಕ್ಕೆ ನೀಲಿ, ಎಡಕ್ಕೆ ಹಸಿರು. ನಾನು ಅದಲುಬದಲು ಹಾಕಿ, ಕೇಬಲ್ಲು ಯಾಕೆ ಸೊಟ್ಟ ಹೋಗುತ್ತಿದೆ ಎಂದು ಅರ್ಧ ದಿನ ತಲೆ ಕೆರೆದುಕೊಂಡೆ.

ಗೇರು ಬದಲಿಸುವ ಕೊಕ್ಕೆ, ಅಂದರೆ ಶಿಫ್ಟರಿನದು ಬೇರೆಯೇ ಕಥೆ. ಎಂಟು ಗೇರಿನ ಹಬ್ಬಿನ ಶಿಫ್ಟರುಗಳು ನೇರ ಹ್ಯಾಂಡಲ್ಲಿಗೆ ಮಾಡಿದಂಥವು. ಬಾಗಿದ ಹ್ಯಾಂಡಲ್ಲಿನ ದಪ್ಪಕ್ಕೆ ಅವು ಕೂರುವುದಿಲ್ಲ. ಕೊನೆಗೆ ಜೆಟೆಕ್‌ನವರ ಬಾರ್-ಎಂಡ್ ಶಿಫ್ಟರ್ ಹುಡುಕಿ ತರಿಸಿದೆ. ಅದು ಹ್ಯಾಂಡಲ್ಲಿನ ಕೆಳತುದಿಗೆ ಬೆರಳಿನ ಹಾಗೆ ಚಾಚಿಕೊಂಡಿರುತ್ತದೆ. ಮುಂದಿನ ಹಲ್ಲುಚಕ್ರಕ್ಕೆ 42 ಹಲ್ಲು, ಹಿಂದಿನದಕ್ಕೆ 20. ಎಲ್ಲ ಸೇರಿ 11.4 ಕೆಜಿ. ಹಳೆಯದಕ್ಕಿಂತ ಸುಮಾರು ಎರಡು ಕೆಜಿ ಜಾಸ್ತಿ, ಅದರಲ್ಲೂ ಭಾರವೆಲ್ಲ ಹಿಂದೆ. ಸೈಕಲ್ಲನ್ನು ಎತ್ತಿ ಜಗುಲಿಗೆ ಇಡುವಾಗ ಅದರ ಬಾಲ ಕೆಳಗೆ ಎಳೆಯುತ್ತದೆ.

ಅಕ್ಟೋಬರಿನ ಒಂದು ಭಾನುವಾರ, ಬೆಳಗ್ಗೆ ಆರಕ್ಕೆ ಹೊರಟೆ. ತೀರ್ಥಹಳ್ಳಿಯಿಂದ ಆಗುಂಬೆಗೆ ಮೂವತ್ತು ಚಿಲ್ಲರೆ ಕಿಲೋಮೀಟರ್. ಅಲ್ಲಿಂದ ಘಾಟಿ ಇಳಿದು ಸೋಮೇಶ್ವರ, ಮತ್ತೆ ಹತ್ತಿ ವಾಪಸು. ಹೊಸ ಸೈಕಲ್ಲಿನ ಮೊದಲ ಸವಾರಿಗೆ ಇದು ಜಾಸ್ತಿಯಾಯಿತು, ಗೊತ್ತು. ಏಳು ತಿಂಗಳು ಕಾದವನಿಗೆ ಬುದ್ಧಿ ಹೇಳುವವರು ಯಾರು?

ಮೊದಲು ಕಿವಿಗೆ ಬಿದ್ದದ್ದು ಸದ್ದು ಇಲ್ಲದಿರುವುದು. ಚೈನು ನೇರ, ಒಂದೇ ಗೆರೆಯಲ್ಲಿ, ಎಲ್ಲಿಯೂ ಉಜ್ಜುವುದಿಲ್ಲ. ಪೆಡಲು ನಿಲ್ಲಿಸಿದರೆ ಹಬ್ಬಿನೊಳಗೆ ಸಣ್ಣ ಟಿಕ್ ಟಿಕ್, ಅದೂ ಒಂದೊಂದು ಗೇರಿನಲ್ಲಿ ಒಂದೊಂದು ಥರ. ಮೇಗರವಳ್ಳಿ ದಾಟಿದ ಮೇಲೆ ತಿರುವಿನಲ್ಲಿ ನಾಲ್ಕು ಎಮ್ಮೆ ರಸ್ತೆ ತುಂಬಾ ನಿಂತಿದ್ದವು. ಆರನೇ ಗೇರಿನಲ್ಲಿದ್ದವನು ಸುಮ್ನೆ ಬ್ರೇಕ್ ಹಿಡಿದು ಕಾಲೂರಿದೆ. ಹಳೆಯ ಸೈಕಲ್ಲಾಗಿದ್ದರೆ ಭಾರದ ಗೇರಿನಲ್ಲೇ ಹಲ್ಲು ಕಚ್ಚಿ ಹೊರಡಬೇಕಿತ್ತು, ಇಲ್ಲವೇ ಹಿಂದಿನ ಚಕ್ರ ಎತ್ತಿ ಪೆಡಲು ತಿರುಗಿಸಿ ಗೇರು ಇಳಿಸಬೇಕಿತ್ತು. ಇಲ್ಲಿ ನಿಂತ ಜಾಗದಲ್ಲೇ ಟಿಕ್ ಟಿಕ್ ಟಿಕ್ ಟಿಕ್, ಎರಡನೇ ಗೇರು. ಎಮ್ಮೆ ಸರಿದವು, ನಾನು ಹೊರಟೆ. ಹಬ್ಬಿಗೆ ಕೊಟ್ಟ ದುಡ್ಡಿನಲ್ಲಿ ಅರ್ಧ ಅಲ್ಲೇ ವಸೂಲಾಯಿತು.

ಬೇಸರ ಆದದ್ದು ಆಮೇಲೆ. ಎಂಟು ಗೇರಿನ ಮೆಟ್ಟಿಲುಗಳು ಒಂದೇ ಎತ್ತರದವಲ್ಲ. ಮೂರರಿಂದ ನಾಲ್ಕಕ್ಕೆ 14 ಪರ್ಸೆಂಟ್, ಐದರಿಂದ ಆರಕ್ಕೆ 22. ಐದನೆಯದು ನೇರ ಗೇರು, ಅದರಲ್ಲಿ ಚಕ್ರವೂ ಹಲ್ಲುಚಕ್ರವೂ ಜೊತೆಗೇ ತಿರುಗುತ್ತವೆ. ಗುಡ್ಡೇಕೇರಿಯ ಆಸುಪಾಸು ಏರೂ ಅಲ್ಲದ ಸಮವೂ ಅಲ್ಲದ ರಸ್ತೆಯಲ್ಲಿ ನಾನು ಗಂಟೆಗೆ 24 ಕಿ.ಮೀ. ಹೋಗುತ್ತಿದ್ದೆ. ಐದರಲ್ಲಿ ಪೆಡಲು ನಿಮಿಷಕ್ಕೆ 89 ಸುತ್ತು ಹಾಕುತ್ತಿತ್ತು. ನನಗದು ಜಾಸ್ತಿ. ಆರಕ್ಕೆ ಹಾಕಿದರೆ 73. ಅದು ಭಾರ. ನಡುವೆ ಒಂದು ಮೆಟ್ಟಿಲು ಬೇಕಿತ್ತು, ಇಲ್ಲ. ಹಳೆಯ ಸೈಕಲ್ಲಿನಲ್ಲಿ ಹದಿನೈದು ಹಲ್ಲಿನಿಂದ ಹದಿನಾರಕ್ಕೆ ಬದಲಿಸಿದರೆ ಕಾಲಿಗೆ ಗೊತ್ತೇ ಆಗುತ್ತಿರಲಿಲ್ಲ. ಗುಂಪಿನಲ್ಲಿ ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡು ಹೋಗುವವರಿಗೆ ಈ ಹಬ್ಬು ಹೇಳಿಸಿದ್ದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಆಗುಂಬೆಯಲ್ಲಿ ಚಹಾ. ಅಂಗಡಿಯವರು ಸೈಕಲ್ಲಿನ ಹಿಂದೆ ಬಗ್ಗಿ ನೋಡಿ, "ಎಂತ ಮಾರಾಯ್ರೆ, ಇಷ್ಟು ದುಡ್ಡು ಕೊಟ್ಟು ಗೇರೇ ಇಲ್ಲದ್ದು ತಗೊಂಡ್ರಾ?" ಅಂದರು. ಒಳಗಿದೆ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಘಾಟಿ ಇಳಿಯುವುದು ಗೇರಿನ ವಿಷಯವಲ್ಲ, ಬ್ರೇಕಿನ ವಿಷಯ. ಹದಿನಾಲ್ಕು ತಿರುವು, ಒದ್ದೆ ರಸ್ತೆ, ಅಂಚಿನಲ್ಲಿ ಪಾಚಿ, ಕಟ್ಟೆಯ ಮೇಲೆ ಮಂಗ. ಡಿಸ್ಕ್ ಬ್ರೇಕು ಕೈಕೊಡಲಿಲ್ಲ. ಒಂದೇ ತೊಂದರೆ, ಗೇರು ಬದಲಿಸಬೇಕೆಂದರೆ ಕೈ ಬ್ರೇಕನ್ನು ಬಿಟ್ಟು ಹ್ಯಾಂಡಲ್ಲಿನ ಕೆಳತುದಿಗೆ ಹೋಗಬೇಕು. ತಿರುವಿನ ನಡುವೆ ಅದು ಆಗದ ಮಾತು. ಎರಡು ತಿರುವಿನ ನಂತರ ಸುಮ್ಮನಾಗಿ, ಗೇರು ಹೇಗಿದೆಯೋ ಹಾಗೇ ಬಿಟ್ಟು ಸೋಮೇಶ್ವರದವರೆಗೆ ಇಳಿದೆ.

ಹತ್ತುವಾಗಲೇ ಪರೀಕ್ಷೆ. ಒಂದನೇ ಗೇರಿನಲ್ಲಿ ಪೆಡಲು ಒಂದು ಸುತ್ತು ಹಾಕಿದರೆ ಈ ಸೈಕಲ್ಲು 2.36 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ ಅರವತ್ತು ಸುತ್ತು ಅಂದರೆ ಗಂಟೆಗೆ ಎಂಟೂವರೆ ಕಿ.ಮೀ. ನೇರ ಜಾಗದಲ್ಲಿ ಎರಡು, ಮೂರು. ತಿರುವಿನಲ್ಲಿ ಒಂದು. ಹೀಗೆ ಆಡಿಸುತ್ತಾ ಹೊರಟೆ. ಐದನೆಯದೋ ಆರನೆಯದೋ ತಿರುವು ಕಳೆದ ಮೇಲೆ ಸೀಟಿನಿಂದ ಎದ್ದು ನಿಂತು ಒತ್ತಿದೆ. ಮೂರನೇ ಗೇರಿನಲ್ಲಿದ್ದೆ. ಕಟಕ್ ಎಂದು ಪೆಡಲು ಖಾಲಿ ಬಿತ್ತು. ಕಾಲು ಪಾತಾಳಕ್ಕೆ ಹೋದ ಹಾಗೆ. ಮಂಡಿ ಹ್ಯಾಂಡಲ್ಲಿಗೆ ಬಡಿಯಿತು. ಬೀಳಲಿಲ್ಲ, ಅಷ್ಟೇ ಪುಣ್ಯ. ಇನ್ನೊಮ್ಮೆ ಒತ್ತಿದೆ, ಮತ್ತೆ ಕಟಕ್.

ಆ ಕ್ಷಣಕ್ಕೆ ತಲೆಗೆ ಬಂದದ್ದು ಒಂದೇ: ಒಳಗೆ ಹಲ್ಲು ಮುರಿಯಿತು, ಹಬ್ಬ ಮುಗಿಯಿತು.

ರಸ್ತೆ ಬದಿಗೆ ನಿಲ್ಲಿಸಿ ಉಸಿರು ತಗೊಂಡೆ. ಆಮೇಲೆ ಬುದ್ಧಿ ಬಂತು. ಹೊಸ ಕೇಬಲ್ಲು. ಮೊದಲ ದಿನವೇ ಒಂದಿಷ್ಟು ಸಡಿಲ ಆಗುತ್ತದೆ, ಎಲ್ಲ ಸೈಕಲ್ಲಿನಲ್ಲೂ. ಡಿರೇಲರಿನಲ್ಲಾದರೆ ಚೈನು ಕಿರಿಕಿರಿ ಸದ್ದು ಮಾಡಿ ಎಚ್ಚರಿಕೆ ಕೊಡುತ್ತದೆ. ಹಬ್ಬು ಹಾಗಲ್ಲ, ಭಾರ ಬಿದ್ದಾಗ ಒಮ್ಮೆಲೇ ಕೈಬಿಡುತ್ತದೆ. ಇದಕ್ಕೆ ಮದ್ದು ಸುಲಭ. ಶಿಫ್ಟರನ್ನು ನಾಲ್ಕನೇ ಗೇರಿಗೆ ತರಬೇಕು. ಹಬ್ಬಿನ ಬಲಗಡೆ, ಕೇಬಲ್ಲು ಸೇರುವ ಜಾಗದಲ್ಲಿ, ಎರಡು ಹಳದಿ ಗೆರೆ ಕಾಣುತ್ತವೆ. ಎರಡೂ ಎದುರುಬದುರು ನಿಂತಿರಬೇಕು. ನನ್ನದರಲ್ಲಿ ಒಂದು ಗೆರೆಯಷ್ಟು ತಪ್ಪಿತ್ತು. ಕೇಬಲ್ಲಿನ ತಿರುಪನ್ನು ಒಂದೂವರೆ ಸುತ್ತು ತಿರುಗಿಸಿದೆ, ಗೆರೆಗಳು ಕೂಡಿದವು. ಒಂದಕ್ಕೆ ಇಳಿಸಿ, ಮತ್ತೆ ನಾಲ್ಕಕ್ಕೆ ತಂದು ಇನ್ನೊಮ್ಮೆ ನೋಡಿದೆ. ಕೆಲಸ ಎರಡು ನಿಮಿಷದ್ದು. ಆ ಎರಡು ನಿಮಿಷದಲ್ಲಿ ಎರಡು ಉಂಬಳ ಕಾಲ್ಚೀಲ ದಾಟಿದ್ದವು.

ಹೊರಡುವ ಮೊದಲೇ ಆ ಗೆರೆ ನೋಡಿಕೊಳ್ಳಬೇಕಿತ್ತು. ಮನೆಯಲ್ಲಿ ಸ್ಟ್ಯಾಂಡಿಗೆ ಹಾಕಿದಾಗ ಸರಿಯಿತ್ತಲ್ಲ ಎಂಬ ಧೈರ್ಯ. ಈಗ ಮೊದಲ ನೂರು ಕಿಲೋಮೀಟರ್ ಆಗುವವರೆಗೂ ಪ್ರತಿ ಸಲ ನೋಡುತ್ತೇನೆ. ಹೊಸದಾಗಿ ಹಾಕಿಸಿದವರಿಗೂ ಅದನ್ನೇ ಹೇಳುತ್ತೇನೆ.

ಉಳಿದ ತಿರುವುಗಳಲ್ಲಿ ಕಾಲು ಒಂದು ಹೊಸ ಪಾಠ ಕಲಿಯಿತು. ಈ ಹಬ್ಬಿನಲ್ಲಿ ಭಾರದ ಗೇರಿನಿಂದ ಹಗುರಕ್ಕೆ ಬರುವಾಗ, ಪೆಡಲನ್ನು ಜೋರಾಗಿ ತುಳಿಯುತ್ತಿದ್ದರೆ ಗೇರು ಬದಲಾಗುವುದಿಲ್ಲ, ಕಾಯುತ್ತದೆ. ಶಿಫ್ಟರು ಒತ್ತಿಯಾಗಿದೆ, ಕೇಬಲ್ಲು ಸಡಿಲಾಗಿದೆ, ಆದರೂ ಒಳಗಿನ ಕೊಕ್ಕೆ ಬಿಡುವುದಿಲ್ಲ. ಕಾಲನ್ನು ಅರೆಕ್ಷಣ ಸಡಿಲ ಬಿಟ್ಟರೆ ಸಾಕು, ಬೆಣ್ಣೆಯ ಹಾಗೆ ಜಾರುತ್ತದೆ. ಒಂದು ಪೆಡಲು ಮೇಲೆ, ಇನ್ನೊಂದು ಕೆಳಗೆ ನೇರ ನಿಂತಾಗ ಹೇಗೂ ಬಲ ಕಡಿಮೆ. ಆ ಹೊತ್ತಿಗೆ ಒತ್ತಬೇಕು. ಅಂಬಾಸಿಡರ್ ಓಡಿಸಿದವರು ಕ್ಲಚ್ಚಿನ ಲೆಕ್ಕ ಹಿಡಿಯುತ್ತಿದ್ದರಲ್ವಾ, ಹೆಚ್ಚುಕಡಿಮೆ ಅದೇ. ಮೊದಲ ನಾಲ್ಕೈದು ಸಲ ತಪ್ಪಿತು. ಹತ್ತನೇ ತಿರುವಿನ ಹೊತ್ತಿಗೆ ಯೋಚನೆ ಮಾಡದೆ ಆಗತೊಡಗಿತು. ಮೇಲೆ ಸೂರ್ಯಾಸ್ತ ನೋಡುವ ಕಟ್ಟೆ ಮುಟ್ಟಿದಾಗ ಮಂಜು ಎಷ್ಟಿತ್ತೆಂದರೆ ಕಟ್ಟೆಯೇ ಕಾಣುತ್ತಿರಲಿಲ್ಲ.

ಹಿಂದಿನ ಚಕ್ರ ಪಂಚರ್ ಆದರೆ ಏನು ಗತಿ ಎಂದು ಎಲ್ಲರೂ ಹೆದರಿಸುತ್ತಾರೆ. ಅವತ್ತು ಆಗಲಿಲ್ಲ. ಮನೆಯಲ್ಲಿ ಮಾತ್ರ ಮೊದಲೇ ಅಭ್ಯಾಸ ಮಾಡಿದ್ದೆ. ಒಂದನೇ ಗೇರಿಗೆ ತಂದು ಕೇಬಲ್ಲು ಬಿಡಿಸಬೇಕು, 15ರ ಸ್ಪ್ಯಾನರಿನಲ್ಲಿ ಎರಡು ನಟ್ಟು. ಹೆಂಡತಿ ಗಡಿಯಾರ ಹಿಡಿದು ನಿಂತಿದ್ದಳು. ಮೊದಲ ಸಲ 26 ನಿಮಿಷ, ಮೂರನೇ ಸಲ 11. ಬೇಡವೆಂದರೆ ಚಕ್ರ ಬಿಚ್ಚದೆಯೇ ಟ್ಯೂಬನ್ನು ಅಷ್ಟು ಹೊರಗೆಳೆದು ಪ್ಯಾಚ್ ಹಾಕಿದರೂ ಆಗುತ್ತದೆ. ನಮ್ಮ ಪಂಚರ್ ಅಂಗಡಿಗಳಲ್ಲಿ ಯಾವತ್ತೂ ಮಾಡುವುದು ಅದನ್ನೇ ತಾನೆ.

ಮನೆ ಮುಟ್ಟಿದಾಗ ಮಧ್ಯಾಹ್ನ. ಸೈಕಲ್ಲಿಗೆ ಮೊಣಕಾಲವರೆಗೆ ಕೆಸರು. ಎರಡು ಚೊಂಬು ನೀರು ಹೊಯ್ದು, ಹಳೆಯ ಪಂಚೆಯ ತುಂಡಿನಲ್ಲಿ ಚೈನು ಒರೆಸಿ, ಎಣ್ಣೆ ಬಿಟ್ಟೆ. ಐದು ನಿಮಿಷ. ಟೂತ್‌ಬ್ರಷ್ಷು ಹಿತ್ತಲಿನ ಗೂಡಿನಲ್ಲೇ ಉಳಿಯಿತು. ಹಬ್ಬಿನ ಒಳಗಿನದನ್ನು ಹೊರತೆಗೆದು ಎಣ್ಣೆಯಲ್ಲಿ ಅದ್ದುವ ಕೆಲಸ ಎರಡು ವರ್ಷಕ್ಕೊಮ್ಮೆ, ಜಾಸ್ತಿ ಓಡಿಸಿದರೆ 5,000 ಕಿ.ಮೀ.ಗೊಮ್ಮೆ.

ಆ ಐದು-ಆರರ ನಡುವಿನ ಗುಂಡಿ ಮಾತ್ರ ತಲೆಯಿಂದ ಹೋಗಲಿಲ್ಲ. ಊಟ ಮಾಡಿ ಕಾಗದದ ಮೇಲೆ ಲೆಕ್ಕ ಹಾಕಿದೆ. ಹಿಂದೆ 20ರ ಬದಲು 21 ಹಲ್ಲು ಹಾಕಿದರೆ ಗುಂಡಿ ಮುಚ್ಚುವುದಿಲ್ಲ, ಆದರೆ ಜಾಗ ಬದಲಿಸುತ್ತದೆ. 24 ಕಿ.ಮೀ. ವೇಗಕ್ಕೆ ಆರನೇ ಗೇರಿನಲ್ಲಿ 77 ಸುತ್ತು. ಅದು ನನ್ನ ಕಾಲಿಗೆ ಒಪ್ಪುವ ಲೆಕ್ಕ. ಘಾಟಿಯಲ್ಲಿ ಒಂದನೇ ಗೇರೂ ಇನ್ನೊಂಚೂರು ಹಗುರ. ಇಳಿಜಾರಿನ ವೇಗ ಸ್ವಲ್ಪ ಕಡಿಮೆಯಾಗುತ್ತದೆ, ಆಗಲಿ ಬಿಡಿ. 21ರದ್ದು ತರಿಸಿದ್ದೇನೆ. ಪಾರ್ಸೆಲ್ ಬಂದ ದಿನ ಬೇಲಿಯಾಚೆಯ ಅಜ್ಜಿ ಮತ್ತೆ ಕೇಳಿದರು, "ಈ ಸಲ ಯಾವ ಹಬ್ಬ?"